ಹೆಸರು ಎಲ್ಲಿದೆ ನೋಡಿ, ಆಮೇಲೆ ಟಿಕೆಟ್ ತೆಗೆಸಿ

ಪ್ರಶ್ನೆ: ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸ್‌ನಲ್ಲಿರುವ ನಾದಿನಿಯ ಮನೆಗೆ ಹೋಗುತ್ತಿದ್ದೇವೆ. ನಾನು, ಯಜಮಾನರು, 13 ವರ್ಷದ ಮಗ ಮತ್ತು 71 ವರ್ಷದ ಅತ್ತೆ. ಯಜಮಾನರ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯಲ್ಲಿದ್ದರು, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು ಎಂದು ಮನೆಯಲ್ಲಿ ಹೇಳುತ್ತಾರೆ. ಅವರದೊಂದು ಬೆಳ್ಳಿ ಪದಕ ನಮ್ಮಲ್ಲಿದೆ. ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಕುದುರೆ ಸವಾರ. ಕುದುರೆ ಪಡೆಯವರಿಗೆ ಮಾತ್ರ ಅದನ್ನು ಕೊಡುತ್ತಿದ್ದರಂತೆ. ಬೆಲ್ಜಿಯಂ, ಫ್ರಾನ್ಸ್‌ಗೆ ಮೂರು ದಿನ ಹೋಗಿ ಅವರ ಸಮಾಧಿಗೆ ಹೂವಿಟ್ಟು ಬರೋಣ ಎಂದಿದ್ದೇವೆ. ಅತ್ತೆಗೆ ಸ್ಮಶಾನದೊಳಗೆ ಕಾಲಿಡಲು ಮನಸ್ಸಿಲ್ಲ, ಆದರೆ ಹಿರಿಯರ ಹೆಸರಲ್ಲಿ ದೀಪ ಹಚ್ಚುವ ಆಸೆಯಿದೆ. ಮಗನಿಗೆ ಯುದ್ಧ ನಡೆದ ಹೊಲದಿಂದ ಒಂದು ಗುಂಡು ತರಬೇಕಂತೆ. ಎಲ್ಲಿಗೆ ಹೋಗಬೇಕು? ಅಲ್ಲಿ ಹೇಗೆ ನಡೆದುಕೊಳ್ಳಬೇಕು? ಫೋಟೊ ತೆಗೆಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕಾರು ಪ್ರಶ್ನೆಗಳಿದ್ದರೂ ಮೂಲದಲ್ಲಿರುವ ಕಳವಳ ಒಂದೇ: ಅಷ್ಟು ದೂರ ಹೋಗಿ ಅಜ್ಜನನ್ನು ಕಾಣದೆ ವಾಪಸಾಗಬಾರದು. ಅದಕ್ಕೇ ಕಹಿ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಅವರು ನಿಜವಾಗಿ ಮೈಸೂರು ಲ್ಯಾನ್ಸರ್ಸ್‌ನವರೇ ಆಗಿದ್ದರೆ ಫ್ರಾನ್ಸಿನಲ್ಲಿ ಸಿಗುವ ಸಂಭವ ತೀರಾ ಕಡಿಮೆ.

ಇಂಥ ಕುಟುಂಬಗಳಿಗೆ ದಾಖಲೆ ಹುಡುಕಿಕೊಡುವುದು, ಆಗಾಗ ಜೊತೆಯಲ್ಲಿ ಹೋಗಿಬರುವುದು ನನ್ನ ಕೆಲಸ. ಮೂರು ತಲೆಮಾರು ಬಾಯಿಂದ ಬಾಯಿಗೆ ದಾಟಿದ ಯುದ್ಧದ ಕಥೆಯಲ್ಲಿ ಮೊದಲು ಅಳಿಸಿಹೋಗುವುದು ಊರಿನ ಹೆಸರು. ಸಮುದ್ರ ದಾಟಿ ಹೋದವರೆಲ್ಲ "ಫ್ರಾನ್ಸಿಗೆ ಹೋದವರು" ಆಗಿಬಿಡುತ್ತಾರೆ. ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಹಡಗು ಹತ್ತಿ ಇಳಿದದ್ದು ಈಜಿಪ್ಟಿನಲ್ಲಿ. ಸೂಯೆಜ್ ಕಾಲುವೆ ಕಾದರು, ಸಿನಾಯ್ ಮರಳುಗಾಡು ದಾಟಿದರು, ಪ್ಯಾಲೆಸ್ಟೈನ್‌ನಲ್ಲಿ ಕಾದಾಡಿದರು. 1918ರ ಸೆಪ್ಟೆಂಬರ್ 23ರಂದು ಈಗ ಇಸ್ರೇಲಿನಲ್ಲಿರುವ ಹೈಫಾ ಹಿಡಿದ ಕುದುರೆ ದಾಳಿ ಇವರದೂ ಜೋಧಪುರ ಲ್ಯಾನ್ಸರ್ಸ್‌ನವರದೂ. ಆ ಜೋಧಪುರದವರು ಮಾತ್ರ ಅದಕ್ಕೆ ಮುಂಚೆ ಫ್ರಾನ್ಸಿನಲ್ಲೇ ಇದ್ದವರು, 1918ರಲ್ಲಿ ಪ್ಯಾಲೆಸ್ಟೈನ್‌ಗೆ ಬಂದು ಸೇರಿಕೊಂಡರು. ಫ್ರಾನ್ಸ್ ಎಂಬ ಹೆಸರು ನಿಮ್ಮ ಮನೆಯ ಕಥೆಗೆ ಈ ದಾರಿಯಲ್ಲಿ ಬಂದಿದ್ದರೂ ಆಶ್ಚರ್ಯವಿಲ್ಲ.

ಇನ್ನು ಪದಕ. ಆ ಸವಾರ ಕುದುರೆ ಪಡೆಯ ಗುರುತಲ್ಲ, ಇಂಗ್ಲೆಂಡಿನ ರಕ್ಷಕ ಸಂತ ಸೇಂಟ್ ಜಾರ್ಜ್. ನೀವು ವರ್ಣಿಸಿರುವುದು ಬ್ರಿಟಿಷ್ ವಾರ್ ಮೆಡಲ್ ಅನ್ನು. ಬೆಳ್ಳಿಯಲ್ಲಿ ಸುಮಾರು 65 ಲಕ್ಷ ಅಚ್ಚು ಹಾಕಿ ಕಾಲಾಳು, ಕುದುರೆ ಸವಾರ, ನಾವಿಕ ಎನ್ನದೆ ಎಲ್ಲರಿಗೂ ಕೊಟ್ಟದ್ದು. ಹಾಗೆಂದು ಪೆಟ್ಟಿಗೆಗೆ ಹಾಕಿಬಿಡಬೇಡಿ. ಪದಕದ ಮುಖಕ್ಕಿಂತ ಅಂಚು ಮುಖ್ಯ. ನಾಣ್ಯದ ಅಂಚಿನಂತಿರುವ ಆ ತೆಳು ಪಟ್ಟಿಯ ಮೇಲೆ ನಂಬರು, ದರ್ಜೆ, ಹೆಸರು, ರೆಜಿಮೆಂಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತದೆ. ಎಷ್ಟೋ ಮನೆಗಳಲ್ಲಿ ನೂರು ವರ್ಷದಿಂದ ಪದಕವನ್ನು ಪೂಜೆಗೆ ಇಟ್ಟಿರುತ್ತಾರೆ, ಅಂಚನ್ನು ಮಾತ್ರ ಯಾರೂ ಓದಿರುವುದಿಲ್ಲ.

ಜೊತೆಯಲ್ಲಿ ನಕ್ಷತ್ರದ ಆಕಾರದ ಕಂಚಿನ ಪದಕ ಏನಾದರೂ ಇದೆಯೇ ಹುಡುಕಿ. ಅದರ ನಡುವೆ ಬರೀ "1914" ಎಂದಿದ್ದರೆ, ಆ ವರ್ಷದ ಆಗಸ್ಟ್ 5ರಿಂದ ನವೆಂಬರ್ 22ರೊಳಗೆ ಫ್ರಾನ್ಸ್ ಅಥವಾ ಬೆಲ್ಜಿಯಂನಲ್ಲಿ ಇದ್ದವರೆಂದು ಅರ್ಥ. "1914-15" ಎಂದಿದ್ದರೆ ಈಜಿಪ್ಟೂ ಆಗಬಹುದು. ಅಂಗೈ ಅಗಲದ, ಹೆಂಗಸೊಬ್ಬಳೂ ಸಿಂಹವೂ ಇರುವ ಕಂಚಿನ ಬಿಲ್ಲೆ ಇದ್ದರೆ ಅದು ಸತ್ತವರ ಮನೆಗೆ ಕಳಿಸುತ್ತಿದ್ದ ಸ್ಮಾರಕ ಫಲಕ. ಅದು ಇಲ್ಲವೆಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ, ಪಾತ್ರೆ ಅಂಗಡಿಗೆ ತೂಕಕ್ಕೆ ಹೋದವೇ ಎಷ್ಟೋ. ಆದರೆ "ಯುದ್ಧದಲ್ಲಿ ತೀರಿಕೊಂಡರು" ಎನ್ನುವ ಮಾತನ್ನೂ ಸ್ವಲ್ಪ ಪರೀಕ್ಷಿಸಿ ನೋಡಬೇಕು. ಕಾಯಿಲೆ ಹೊತ್ತು ಊರಿಗೆ ಮರಳಿ ಇಲ್ಲೇ ಕಣ್ಮುಚ್ಚಿದವರನ್ನೂ ಮನೆಯವರು ಯುದ್ಧಕ್ಕೇ ಬಿಟ್ಟುಕೊಟ್ಟಿರುತ್ತಾರೆ.

ಹುಡುಕುವ ಜಾಗ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಆನ್‌ಲೈನ್ ದಾಖಲೆ. ಬ್ರಿಟನ್ ಮತ್ತು ಅದರ ಸಾಮ್ರಾಜ್ಯದ ಪಡೆಗಳಲ್ಲಿ ಮಡಿದವರ ಸಮಾಧಿ, ಸ್ಮಾರಕ ನೋಡಿಕೊಳ್ಳಲು 1917ರಲ್ಲಿ ಹುಟ್ಟಿದ ಸಂಸ್ಥೆ, ಎರಡು ಮಹಾಯುದ್ಧಗಳ ಸುಮಾರು 17 ಲಕ್ಷ ಮಂದಿಯ ಹೆಸರು ಅದರ ಉಸ್ತುವಾರಿಯಲ್ಲಿದೆ. ಹುಡುಕಾಟಕ್ಕೆ ದುಡ್ಡಿಲ್ಲ. ನಮ್ಮವರು ಎಡವುವುದು ಹೆಸರಿನ ಕಾಗುಣಿತದಲ್ಲಿ. ನಮ್ಮ ಹೆಸರನ್ನು ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿರುತ್ತಾನೆ. ಆದ್ದರಿಂದ ಹೆಸರಿನಿಂದ ಶುರು ಮಾಡಬೇಡಿ. ರೆಜಿಮೆಂಟಿನ ಜಾಗದಲ್ಲಿ ಮೈಸೂರು ಲ್ಯಾನ್ಸರ್ಸ್ ಎಂದು ಹಾಕಿ, ಬಂದ ಪಟ್ಟಿಯನ್ನು ಕಣ್ಣಿಟ್ಟು ಓದಿ. ಕೆಲವು ಹೆಸರುಗಳ ಮುಂದೆ ತಂದೆಯ ಹೆಸರು, ಹಳ್ಳಿ, ಜಿಲ್ಲೆ ಸಹ ಇರುತ್ತದೆ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ ಸೇವೆಯಲ್ಲಿದ್ದು ಸತ್ತವರೆಲ್ಲ ಲೆಕ್ಕಕ್ಕೆ ಬರುತ್ತಾರೆ. ಪಟ್ಟಿಯಲ್ಲಿ ಇಲ್ಲದೆ, ಸೇವೆಯಲ್ಲಿರುವಾಗಲೇ ಸತ್ತದ್ದಕ್ಕೆ ನಿಮ್ಮಲ್ಲಿ ಕಾಗದವಿದ್ದರೆ ಸೇರಿಸಲು ಅರ್ಜಿ ಹಾಕಬಹುದು. ಲ್ಯಾನ್ಸರ್ಸ್ ಮೈಸೂರು ಸಂಸ್ಥಾನದ ಪಡೆ, ಬ್ರಿಟಿಷರ ನೇರ ಸೈನ್ಯವಲ್ಲ. ಹಾಗಾಗಿ ಹಳೆಯ ಸಂಸ್ಥಾನದ ಕಡತಗಳಿರುವ ರಾಜ್ಯ ಪತ್ರಾಗಾರದಲ್ಲೂ ಒಮ್ಮೆ ವಿಚಾರಿಸಿ. ದುಡ್ಡು ತೆಗೆದುಕೊಂಡು ವಂಶದ ವೀರರ ಸರ್ಟಿಫಿಕೇಟು ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಬೀಳುವುದು ಬೇಡ. ಅವರು ತೆರೆಯುವುದೂ ಇದೇ ಪುಟವನ್ನೇ.

ಹೆಸರು ಸಿಕ್ಕಿತು ಅಂದುಕೊಳ್ಳೋಣ. ಸಮಾಧಿ ಇರುತ್ತದೆಯೇ? ಇರಲೇಬೇಕೆಂದಿಲ್ಲ. ಹಿಂದೂ, ಸಿಖ್ ಸೈನಿಕರನ್ನು ಅನುಕೂಲವಿದ್ದಲ್ಲೆಲ್ಲ ದಹನ ಮಾಡುತ್ತಿದ್ದರು, ಹಾಗಾಗಿ ಅವರದು ಹೆಚ್ಚಾಗಿ ಗೋಡೆಯ ಮೇಲಿನ ಹೆಸರು. ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ನಲ್ಲಿ ಮಡಿದ ಸುಮಾರು 4,000 ಭಾರತೀಯರಿಗಾಗಿ ಸೂಯೆಜ್ ಕಾಲುವೆಯ ದಕ್ಷಿಣದ ಬಾಯಲ್ಲಿ, ಪೋರ್ಟ್ ತೌಫಿಕ್‌ನಲ್ಲಿ, 1926ರಲ್ಲಿ ಒಂದು ಸ್ಮಾರಕ ಎದ್ದಿತ್ತು. ಇಸ್ರೇಲ್-ಈಜಿಪ್ಟ್ ಯುದ್ಧಗಳ ಗುಂಡಿನೇಟಿಗೆ ಅದು ಹಾಳಾಗಿ ಕೊನೆಗೆ ಕೆಡವಬೇಕಾಯಿತು. ಬದಲಿ ಸ್ಮಾರಕ 1980ರಲ್ಲಿ ಕೈರೋದ ಹೆಲಿಯೊಪೊಲಿಸ್ ವಾರ್ ಸಿಮೆಟ್ರಿಯೊಳಗೆ ಬಂತು. ಒಂದು ಯುದ್ಧದಲ್ಲಿ ಸತ್ತವರ ಸ್ಮಾರಕ ಇನ್ನೊಂದು ಯುದ್ಧದಲ್ಲಿ ಸತ್ತಿತು ನೋಡಿ. ನಿಮ್ಮ ಮುತ್ತಜ್ಜ ಅಲ್ಲಿರಬಹುದು. ಹೈಫಾದ ಇಂಡಿಯನ್ ಸಿಮೆಟ್ರಿಯನ್ನೂ ಪಟ್ಟಿಯಲ್ಲಿ ನೋಡಿ.

ಭಾರತೀಯರನ್ನು ಬ್ರಿಟಿಷರು ಮರೆತೇಬಿಟ್ಟರು ಎಂಬ ಮಾತನ್ನೂ, ಎಲ್ಲರಿಗೂ ಸಮನಾದ ಗೌರವ ಕೊಟ್ಟರು ಎಂಬ ಮಾತನ್ನೂ ನೀವು ಕೇಳಿರುತ್ತೀರಿ. ನಿಜ ಇವೆರಡರ ನಡುವೆ ಸಿಕ್ಕಿಕೊಂಡಿದೆ. ದರ್ಜೆ, ಜನಾಂಗ, ಧರ್ಮ ನೋಡದೆ ಒಂದೇ ಬಗೆಯ ಸ್ಮರಣೆ ಎಂಬುದು ಕಮಿಷನ್ನಿನ ಮೊದಲ ದಿನದ ಮಾತು. ಯುರೋಪಿನ ಸ್ಮಾರಕಗಳಲ್ಲಿ ಬಹುಮಟ್ಟಿಗೆ ಹಾಗೇ ನಡೆದುಕೊಂಡರು. ಇರಾಕಿನ ಬಸ್ರಾದಲ್ಲಿ ಕಟ್ಟಿದ ಗೋಡೆಯ ಮೇಲೆ ಮಾತ್ರ ಭಾರತೀಯ ಅಧಿಕಾರಿಗಳ ಹೆಸರು ಕೊರೆದು, ಸಾಮಾನ್ಯ ಸಿಪಾಯಿಗಳನ್ನು ರೆಜಿಮೆಂಟಿನ ಕೆಳಗೆ ಇಷ್ಟು ಮಂದಿ ಎಂದು ಅಂಕಿಯಲ್ಲಿ ಮುಗಿಸಿದ್ದರು. 2021ರಲ್ಲಿ ಕಮಿಷನ್ನೇ ಒಂದು ವರದಿಯಲ್ಲಿ ಒಪ್ಪಿಕೊಂಡಿತು: ಭಾರತ, ಆಫ್ರಿಕಾ, ಈಜಿಪ್ಟ್ ಮೂಲದ 45,000ದಿಂದ 54,000 ಮಂದಿಗೆ ಸಮನಲ್ಲದ ಸ್ಮರಣೆ ಸಿಕ್ಕಿದೆ, ಇನ್ನೂ ಕಡಿಮೆಯೆಂದರೆ 1,16,000 ಮಂದಿಗೆ ಹೆಸರಿನ ಸ್ಮರಣೆಯೇ ಇಲ್ಲ. ನಿಮ್ಮವರ ಹೆಸರು ಸಿಗದಿದ್ದರೆ ತಪ್ಪು ನಿಮ್ಮ ಹುಡುಕಾಟದ್ದೇ ಆಗಿರಬೇಕಿಲ್ಲ.

ಈಗ ನಿಮ್ಮ ಮುಂದೆ ಏನೇನಿದೆ? ಪ್ರವಾಸ ಮುಂದೂಡಿ ಕೈರೋಗೆ ಟಿಕೆಟ್ ತೆಗೆಸಬಹುದು. ಆದರೆ ಹೆಸರು ಖಚಿತವಾಗದೆ ಹೊರಟರೆ ಬರೀ ಗೋಡೆ ನೋಡಿ ಬಂದಂತೆ. ಹೈಫಾ ಬೇಕೆಂದರೆ ಹೊರಡುವ ವಾರ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ಏನೆಂದು ನೋಡಿಯೇ ತೀರ್ಮಾನಿಸಬೇಕು, ಪ್ರಯಾಣ ವಿಮೆಯಲ್ಲಿ ಯುದ್ಧದ ಕಾರಣಕ್ಕೆ ಪರಿಹಾರವಿಲ್ಲ ಎಂಬ ಸಾಲು ಇದೆಯೇ ಅದನ್ನೂ. ಚಿಕ್ಕ ಮಗ, ವಯಸ್ಸಾದ ಅತ್ತೆ ಜೊತೆಗಿರುವಾಗ ನಾನಾದರೆ ಈ ಸಲ ಅದನ್ನು ಬಿಡುತ್ತೇನೆ. ಮೂರನೆಯದು, ಈಗಿನ ಯೋಜನೆಯನ್ನೇ ಉಳಿಸಿಕೊಂಡು, ಹುಡುಕುವುದು ನಮ್ಮಜ್ಜನನ್ನಲ್ಲ, ಅವರಂಥವರನ್ನು ಎಂದುಕೊಂಡು ಹೋಗುವುದು. ಮನೆಯವರಿಗೆ ಇದನ್ನು ಮೊದಲೇ ಹೇಳಿ. ಗೋಡೆಯ ಮುಂದೆ ನಿಂತ ಮೇಲೆ ಹೇಳಿದರೆ ಆಗುವ ನಿರಾಸೆ ನಾನು ಕಂಡಿದ್ದೇನೆ. ಒಬ್ಬ ಹಿರಿಯರು ಎರಡು ಗಂಟೆ ಬೆರಳಿಟ್ಟು ಹೆಸರು ಹುಡುಕಿ, ಕೊನೆಗೆ ತಮ್ಮ ಊರಿನ ಹೆಸರಿಗೆ ಹೋಲುವ ಯಾವುದೋ ಹೆಸರಿಗೆ ಕೈಮುಗಿದು ಹೊರಬಂದರು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಹಾಗೆ ಹೋಗುವುದಾದರೆ ಎರಡು ಜಾಗ ಸಾಕು: ಬೆಲ್ಜಿಯಂನ ಈಪ್ರ್ ಮತ್ತು ಫ್ರಾನ್ಸಿನ ನವ್ ಶಪೆಲ್. ಮಾರ್ಸೆ ಬಂದರಿಗೆ ಭಾರತದ ಪಡೆಗಳು ಬಂದದ್ದು 1914ರ ಸೆಪ್ಟೆಂಬರ್ ಕೊನೆಯಲ್ಲಿ. ಅಕ್ಟೋಬರ್ ಮುಗಿಯುವ ಮೊದಲೇ ಅವರು ಈಪ್ರ್‌ನ ಕಂದಕಗಳಲ್ಲಿದ್ದರು. 1915ರ ಏಪ್ರಿಲ್ 22ರಂದು ಜರ್ಮನರು ಕ್ಲೋರಿನ್ ಅನಿಲ ಬಿಟ್ಟದ್ದು ಇದೇ ಊರಿನ ಹೊರಗೆ, ನಾಲ್ಕು ದಿನದ ಮೇಲೆ ಭಾರತದ ಪಡೆಯಾದ ಲಾಹೋರ್ ಡಿವಿಷನ್ ಅದೇ ಗಾಳಿಗೆ ಎದುರಾಗಿ ಹೋಯಿತು. ಪ್ರಯಾಣಿಕರಿಗೆ ಒಂದು ಎಚ್ಚರಿಕೆ: ನಕ್ಷೆಯಲ್ಲಿ ಈಪ್ರ್ ಎಂದು ಓದಿಕೊಂಡು ಹೋದರೆ ಸ್ಟೇಷನ್ನಿನ ಬೋರ್ಡಿನಲ್ಲಿ ಆ ಹೆಸರು ಕಾಣುವುದಿಲ್ಲ. ಅಲ್ಲಿ ಡಚ್ ಹೆಸರು, ಈಪರ್. ದಾರಿಯಲ್ಲಿ ಫ್ರೆಂಚರ ಲಿಲ್ ನಗರವೂ ಬೋರ್ಡುಗಳಲ್ಲಿ ರೈಸಲ್ ಆಗಿಬಿಟ್ಟಿರುತ್ತದೆ.

ಈಪ್ರ್‌ನ ಮೆನಿನ್ ಗೇಟ್ ದೊಡ್ಡದೊಂದು ಕಮಾನು, 1927ರಲ್ಲಿ ತೆರೆದದ್ದು. ದೇಹ ಸಿಗದ 54,000ಕ್ಕೂ ಹೆಚ್ಚು ಮಂದಿಯ ಹೆಸರು ಅದರ ಒಳಗೋಡೆಗಳ ಮೇಲಿದೆ, ಅದರಲ್ಲಿ ನಾನೂರಕ್ಕೂ ಹೆಚ್ಚು ಭಾರತೀಯರು. ಪ್ರತಿದಿನ ರಾತ್ರಿ ಎಂಟಕ್ಕೆ ಅಲ್ಲಿ ಬ್ಯೂಗಲ್‌ನಲ್ಲಿ, ಮಡಿದ ಸೈನಿಕರಿಗೆ ವಿದಾಯ ಹೇಳುವ ಲಾಸ್ಟ್ ಪೋಸ್ಟ್ ನುಡಿಸುತ್ತಾರೆ. 1928ರ ಜುಲೈಯಿಂದ ನಡೆದುಬಂದ ಪದ್ಧತಿ, ಎರಡನೇ ಯುದ್ಧದಲ್ಲಿ ಜರ್ಮನರ ವಶದಲ್ಲಿದ್ದ ವರ್ಷಗಳನ್ನು ಬಿಟ್ಟರೆ ಅಲ್ಲಿ ನಿಂತಿಲ್ಲ. ಏಳೂಕಾಲಿಗೆ ಹೋಗಿ ನಿಂತರೆ ನಿಮ್ಮ ಅತ್ತೆಗೆ ಏನಾದರೂ ಕಾಣುತ್ತದೆ, ಎಂಟಕ್ಕೆ ಐದು ನಿಮಿಷಕ್ಕೆ ಹೋದರೆ ಮುಂದಿನವರ ಬೆನ್ನು ಕಾಣುತ್ತದೆ. ಮುಗಿದ ಮೇಲೆ ಚಪ್ಪಾಳೆ ತಟ್ಟುವ ಹಾಗಿಲ್ಲ, ಇದನ್ನು ಮಗನಿಗೆ ಮೊದಲೇ ಹೇಳಿಡಿ. ಹೂಹಾರ ಇಡುವ ಆಸೆಯಿದ್ದರೆ ನಡೆಸುವವರಿಗೆ ಮುಂಚಿತವಾಗಿ ಬರೆದು ಒಪ್ಪಿಗೆ ಪಡೆಯಬೇಕು. ಭಾರತೀಯರಿಗೇ ಮೀಸಲಾದ, ಅಶೋಕನ ಸಿಂಹಗಳಿರುವ ಸಣ್ಣ ಸ್ಮಾರಕವೊಂದು ಗೇಟಿನ ಪಕ್ಕದ ಕೋಟೆದಿಬ್ಬದ ಹುಲ್ಲಿನ ಮೇಲಿದೆ. ಅಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು, ನೂಕುನುಗ್ಗಲಿಲ್ಲ.

ನವ್ ಶಪೆಲ್‌ಗೆ ಕಾರೋ ಟ್ಯಾಕ್ಸಿಯೋ ಬೇಕು. ಬಟಾಬಯಲು, ಒಂದು ಕವಲುದಾರಿ, ಪಕ್ಕದಲ್ಲಿ ಭಾರತೀಯ ಸೈನಿಕರ ಸ್ಮಾರಕದ ದುಂಡಗಿನ ಆವರಣ. ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್ ರೂಪಿಸಿದ್ದು, ಇದೂ 1927ರದೇ. ಅರ್ಧ ಸುತ್ತು ಜಾಲಂಧ್ರದಂತೆ ಕೊರೆದ ಕಲ್ಲು, ಇನ್ನರ್ಧ ಹೆಸರುಗಳ ಗೋಡೆ, ನಡುವೆ ಸುಮಾರು 15 ಮೀಟರ್ ಎತ್ತರದ ಕಂಬ, ತುದಿಯಲ್ಲಿ ಕಮಲ, ಬುಡದಲ್ಲಿ ಎರಡು ಹುಲಿ. 4,700ಕ್ಕೂ ಹೆಚ್ಚು ಹೆಸರುಗಳು. 1915ರ ಮಾರ್ಚ್ 10ರಂದು ಇಲ್ಲೇ ಹತ್ತಿರದ ಕಂದಕದಲ್ಲಿ ಸತ್ತು, ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಗಢವಾಲಿ ಸೈನಿಕ ಗಬ್ಬರ್ ಸಿಂಗ್ ನೇಗಿಯ ಹೆಸರನ್ನು ಮಗನಿಗೆ ಹುಡುಕಲು ಬಿಡಿ. ಗೋಡೆಯಲ್ಲಿ ಹುಡುಕಿಯೇ ಸಿಗುವ ಹೆಸರು ಪುಸ್ತಕದಲ್ಲಿ ಓದಿದ ಹೆಸರಿನಂತಲ್ಲ.

ಅತ್ತೆಯವರ ವಿಷಯಕ್ಕೆ ಬರೋಣ. ಮೈಲಿಗೆಯ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಿ ಅವರನ್ನು ಎಳೆದುಕೊಂಡು ಹೋಗಬೇಡಿ. ಅವರಿಗೆ ಈ ಒಂದು ಸಂಗತಿ ಹೇಳಿ: ಮೆನಿನ್ ಗೇಟೂ ನವ್ ಶಪೆಲ್ಲೂ ಸ್ಮಶಾನಗಳಲ್ಲ. ಅಲ್ಲಿ ಸಮಾಧಿಗಳೇ ಇಲ್ಲ, ಹೆಸರುಗಳು ಮಾತ್ರ. ನಿಜವಾದ ಸಿಮೆಟ್ರಿಗೆ ನೀವು ಹೋದಾಗ ಅವರು ಬಾಗಿಲ ಬಳಿ ಕೂತಿರಲಿ, ಬಂದು ಸ್ನಾನ ಮಾಡುತ್ತೇನೆಂದರೆ ಮಾಡಲಿ. ದೀಪ ಮಾತ್ರ ಬೇಡ. ಬೇಡವೆನ್ನುವುದು ನಂಬಿಕೆಯ ಕಾರಣಕ್ಕಲ್ಲ, ಎಣ್ಣೆಯ ಕಾರಣಕ್ಕೆ. ಆ ಬಿಳಿಗಲ್ಲು ಎಣ್ಣೆ ಕುಡಿದರೆ ಕಲೆ ಹೋಗುವುದಿಲ್ಲ, ಕರ್ಪೂರದ ಮಸಿಯೂ ಹಾಗೇ. ಕುಂಕುಮ ಹಚ್ಚುವುದು, ಕಾಯಿ ಒಡೆಯುವುದು ಕೂಡ ಬೇಡ. ಬಿಡಿ ಹೂವು ಇಡಬಹುದು, ಪ್ಲಾಸ್ಟಿಕ್ ಸುತ್ತು ಬಿಚ್ಚಿ ಇಡಿ. ದೀಪವನ್ನು ನಾದಿನಿಯ ಮನೆಯಲ್ಲಿ, ಪದಕದ ಫೋಟೊ ಮುಂದೆ ಹಚ್ಚಲಿ.

ಸಿಮೆಟ್ರಿಯೊಳಗೆ ನಡೆದುಕೊಳ್ಳುವ ರೀತಿ ಕಷ್ಟದ್ದೇನಲ್ಲ. ಪ್ರವೇಶಕ್ಕೆ ಹಣವಿಲ್ಲ. ಸಾಲು ಕಲ್ಲುಗಳು ಎಲ್ಲವೂ ಒಂದೇ ಎತ್ತರ, 81 ಸೆಂಟಿಮೀಟರ್. ಜನರಲ್ ಆದರೂ ಅಷ್ಟೇ, ಅಡಿಗೆಯವನಾದರೂ ಅಷ್ಟೇ. ಬುಡದಲ್ಲಿರುವ ಹೂಪಾತಿಗೆ ಕಾಲಿಡಬೇಡಿ, ಕಲ್ಲಿಗೆ ಒರಗಬೇಡಿ. ಬಾಗಿಲ ಬಳಿ ಗೋಡೆಯಲ್ಲಿ ಸಣ್ಣ ಕಂಚಿನ ಬಾಗಿಲೊಂದು ಇರುತ್ತದೆ. ಬೀಗ ಇರುವುದಿಲ್ಲ, ಎಳೆದರೆ ತೆರೆದುಕೊಳ್ಳುತ್ತದೆ. ಒಳಗೆ ಯಾರು ಯಾವ ಸಾಲಿನಲ್ಲಿದ್ದಾರೆ ಎನ್ನುವ ರಿಜಿಸ್ಟರ್, ಬಂದವರು ಬರೆಯುವ ಪುಸ್ತಕ. ಕನ್ನಡದಲ್ಲೇ ಬರೆಯಿರಿ. ಹಿಂದೂ ಸೈನಿಕನ ಕಲ್ಲಿನಲ್ಲಿ ಶಿಲುಬೆ ಇರುವುದಿಲ್ಲ, ನಾಗರಿ ಲಿಪಿಯಲ್ಲಿ "ಓಂ ಭಗವತೇ ನಮಃ" ಎಂದಿರುತ್ತದೆ. ಫೋಟೊ ಧಾರಾಳವಾಗಿ ತೆಗೆಯಬಹುದು. ಬೇರೆಯವರು ತಮ್ಮವರ ಕಲ್ಲಿನ ಮುಂದೆ ನಿಂತಿದ್ದರೆ ಅವರು ಸರಿಯುವವರೆಗೆ ಕ್ಯಾಮೆರಾ ಇಳಿಸಿ. ಡ್ರೋನ್ ಹಾರಿಸುವುದು ಬೇಡ. ಅಕ್ಟೋಬರ್‌ನಲ್ಲಿ ಫ್ಲಾಂಡರ್ಸ್, ಅಂದರೆ ಈಪ್ರ್ ಸುತ್ತಿನ ಆ ಸೀಮೆ, ಎಂದರೆ ಕೆಸರು. ಎಷ್ಟೋ ಸಿಮೆಟ್ರಿಗಳು ಹೊಲದ ನಡುವೆ ಇವೆ, ಹುಲ್ಲುದಾರಿ ಬಿಟ್ಟರೆ ಬೇರೆ ದಾರಿಯಿಲ್ಲ. ಅತ್ತೆಯವರಿಗೆ ಜಾರದ ಶೂ ಇರಲಿ.

ದಿನಕ್ಕೆ ಎರಡಕ್ಕಿಂತ ಹೆಚ್ಚು ಸಿಮೆಟ್ರಿ ಬೇಡ. ಮೂರನೆಯದರ ಹೊತ್ತಿಗೆ ಕಲ್ಲು ಬರೀ ಕಲ್ಲಾಗಿ ಕಾಣತೊಡಗುತ್ತದೆ. ಆರಿಸಿ ಹೇಳಿ ಎಂದರೆ, ಈಪ್ರ್ ಹೊರಗಿನ ಎಸೆಕ್ಸ್ ಫಾರ್ಮ್: ಚಿಕ್ಕದು, ಅಲ್ಲಿ ಜೋ ಸ್ಟ್ರಡ್‌ವಿಕ್ ಎಂಬ ಹುಡುಗನ ಕಲ್ಲಿದೆ, ವಯಸ್ಸು 15. ನಿಮ್ಮ ಮಗನಿಗಿಂತ ಎರಡು ವರ್ಷ ದೊಡ್ಡವನು. ನೀವು ಏನೂ ಹೇಳುವುದು ಬೇಡ, ಅವನೇ ಓದಿಕೊಳ್ಳುತ್ತಾನೆ. ಎರಡನೆಯದು ಜರ್ಮನರ ಲಾಂಗೆಮಾರ್ಕ್. ಓಕ್ ಮರಗಳ ನೆರಳು, ನೆಲಕ್ಕೆ ಅಂಟಿದ ಕಪ್ಪುಗಲ್ಲುಗಳು, 44,000 ಮಂದಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಗುಂಡಿಯಲ್ಲಿ. ಸೋತವರ ಕಡೆಯನ್ನೂ ಅವನು ನೋಡಲಿ.

ಗುಂಡು ತರುವ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಉತ್ತರ: ಮುಟ್ಟಲೂ ಬಾರದು. ನೂರು ವರ್ಷ ಮಣ್ಣಲ್ಲಿ ಕೊಳೆತದ್ದು ಸತ್ತೇ ಹೋಗಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ತುಕ್ಕು ಹಿಡಿಯುವುದು ಹೊರಗಿನ ಕಬ್ಬಿಣ. ಒಳಗಿನ ಸ್ಫೋಟಕ ಹಾಗೇ ಇರುತ್ತದೆ, ಸಿಡಿಸುವ ಫ್ಯೂಸು ಕಾಲ ಕಳೆದಂತೆ ಇನ್ನಷ್ಟು ನಾಜೂಕಾಗುತ್ತದೆ. ಕೆಲವು ಶೆಲ್‌ಗಳೊಳಗೆ ವಿಷಾನಿಲದ ದ್ರವ ಇದೆ, ಕವಚ ಸವೆದಂತೆ ಅದು ಸೋರುತ್ತದೆ. ಉಳುವಾಗ ಮೇಲೆ ಬಂದ ಶೆಲ್ಲುಗಳನ್ನು ರೈತರು ಹೊಲದಂಚಿಗೆ, ಕಂಬದ ಬುಡಕ್ಕೆ ಇಟ್ಟಿರುತ್ತಾರೆ. ಬೆಲ್ಜಿಯಂ ಸೈನ್ಯದ ತಂಡ ಬಂದು ಒಯ್ಯುತ್ತದೆ, ವರ್ಷಕ್ಕೆ ನೂರಾರು ಟನ್. ಸುಮ್ಮನೆ ಬಿದ್ದ ಸಿಲಿಂಡರಿನಂತೆ ಕಾಣುವುದರಿಂದ ಹುಡುಗರಿಗೆ ಆಸೆಯಾಗುತ್ತದೆ. 2014ರ ಮಾರ್ಚ್‌ನಲ್ಲಿ ಈಪ್ರ್‌ನಲ್ಲೇ ಕಟ್ಟಡದ ಕೆಲಸದ ಜಾಗದಲ್ಲಿ ಇಂಥದೊಂದು ಸಿಡಿದು ಇಬ್ಬರು ಕಾರ್ಮಿಕರು ಸತ್ತರು. ಕಂಡರೆ ದೂರ ಸರಿದು 112ಕ್ಕೆ ಫೋನ್ ಮಾಡಿ. ಅಂಗಡಿಯಲ್ಲಿ ಕೊಂಡ ಖಾಲಿ ತೋಟಾ ಕೂಡ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತದೆ. ನನ್ನ ಜೊತೆ ಬಂದವರೊಬ್ಬರ ಕೈಚೀಲದಲ್ಲಿ ಶೆಲ್‌ನ ಕಿಲುಬು ಹಿಡಿದ ಹಿತ್ತಾಳೆ ಮೂತಿ ಸಿಕ್ಕಿತ್ತು. ನಮ್ಮ ವಿಮಾನ ನಮ್ಮನ್ನು ಬಿಟ್ಟೇ ಹಾರಿತು. ಮಗನಿಗೆ ಒಂದು ಹಾಳೆ, ಪೆನ್ಸಿಲ್ ಕೊಟ್ಟು ಒಂದು ಹೆಸರನ್ನು ಹೇಗಿದೆಯೋ ಹಾಗೆ ನೋಡಿ ಬರೆದುಕೊಂಡು ಬರಲು ಹೇಳಿ.

ಹೊರಡಲು ಇನ್ನೂ ಸಮಯವಿದೆ, ಮೊದಲು ಪದಕ ತೆಗೆಯಿರಿ. ಅಂಚಿನ ಅಕ್ಷರ ಮಂಕಾಗಿದೆಯೆಂದು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ಹಿಂದೆ ಹಾಗೆ ಉಜ್ಜಿಯೇ ಅರ್ಧ ಹೆಸರು ಸವೆದಿರುತ್ತದೆ. ಕತ್ತಲ ಕೋಣೆಯಲ್ಲಿ ಪದಕವನ್ನು ಬಟ್ಟೆಯ ಮೇಲೆ ನಿಲ್ಲಿಸಿ, ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟು, ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಫೋಟೊ ತೆಗೆಯಿರಿ. ಒಂದು ಸುತ್ತಿಗೆ ಎಂಟು ಹತ್ತು ಫೋಟೊ ಆಗುತ್ತದೆ. ಅಷ್ಟನ್ನೂ ಕಳಿಸಿ, ಓದಿ ಹೇಳುತ್ತೇನೆ.